ಬೀಜದಿಂದ ವಾಲ್‌ಫ್ಲವರ್: ಬಿತ್ತನೆಯಿಂದ ಹೂವಿನವರೆಗೆ ಸಮಗ್ರ ಮಾರ್ಗದರ್ಶಿ

ವಾಲ್‌ಫ್ಲವರ್ ಬೆಳೆಯಲು ಹೊರಟವರು ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಮಣ್ಣು, ಗೊಬ್ಬರದ ಮಾತು ಆಮೇಲೆ. ವಸಂತದಲ್ಲಿ ಹೂವು ಬೇಕು ಅಂತ ಅದೇ ವರ್ಷದ ಫೆಬ್ರವರಿಯಲ್ಲಿ ಬೀಜ ಹಾಕಿದರೆ, ಸಾಮಾನ್ಯ ತಳಿಗಳಲ್ಲಿ ಆ ವಸಂತಕ್ಕೆ ಸಿಗುವುದು ಬರೀ ಎಲೆ. ಬಿತ್ತನೆಯಿಂದ ಹೂವಿನವರೆಗೆ ಸುಮಾರು 9ರಿಂದ 11 ತಿಂಗಳು ಬೇಕು. ಬೇಸಿಗೆಯಲ್ಲಿ ಬಿತ್ತಬೇಕು, ಶರತ್ಕಾಲದಲ್ಲಿ ನಾಟಿ ಮಾಡಬೇಕು, ಚಳಿಗಾಲವನ್ನು ಗಿಡ ಹೊರಗೇ ಕಳೆಯಬೇಕು. ಮರುವರ್ಷದ ವಸಂತಕ್ಕೆ ಹೂವು.

ಇಷ್ಟು ಕಾಯುವುದು ಯಾಕೆ ಅಂತ ಕೇಳಿದರೆ, ಆ ವಾಸನೆಗೆ. ಚಳಿ ಕಳೆದು ಇನ್ನೂ ಅರ್ಧ ತೋಟ ಬರಿದಾಗಿರುವ ಹೊತ್ತಿನಲ್ಲಿ ಇದು ಅರಳುತ್ತದೆ. ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು, ಕಂದುಗೆಂಪು, ಕೆನೆ, ನೇರಳೆ ಹೀಗೆ ಬಣ್ಣಗಳು ಬೇಕಾದಷ್ಟಿವೆ. ಬಿಸಿಲು ಬಿದ್ದು ಗಾಳಿ ನಿಂತಾಗ ಸಿಹಿಯಾದ, ಸ್ವಲ್ಪ ಮಸಾಲೆಯ ಘಾಟು ಬೆರೆತ ವಾಸನೆ ಹಲವು ಅಡಿ ದೂರಕ್ಕೂ ಬರುತ್ತದೆ.

ಗಿಡದ ಹುಟ್ಟುಗುಣ

ತೋಟದ ವಾಲ್‌ಫ್ಲವರ್‌ನ ಸಸ್ಯಶಾಸ್ತ್ರೀಯ ಹೆಸರು ಎರಿಸಿಮಮ್ ಚೀರಿ. ಹಿಂದೆ ಇದನ್ನು ಚೀರಾಂತಸ್ ಚೀರಿ ಅನ್ನುತ್ತಿದ್ದರು. ಕೆಲವು ಬೀಜದ ಪೊಟ್ಟಣಗಳ ಮೇಲೆ ಈಗಲೂ ಹಳೆಯ ಹೆಸರೇ ಇರುತ್ತದೆ, ಎರಡೂ ಒಂದೇ ಗಿಡ. ಇದರ ಮೂಲ ಗ್ರೀಸ್ ಮತ್ತು ಏಜಿಯನ್ ಸಮುದ್ರದ ಸುತ್ತಲಿನ ಪ್ರದೇಶ. ಅಲ್ಲಿಂದ ಯುರೋಪಿನ ತೋಟಗಳಿಗೆ ಬಂತು. ತೋಟಗಳಿಂದ ತಪ್ಪಿಸಿಕೊಂಡು ಹಳೆಯ ಕೋಟೆ, ಮಠ, ಚರ್ಚುಗಳ ಗೋಡೆಗಳ ಸಂದಿಯಲ್ಲಿ, ಸುಣ್ಣಕಲ್ಲಿನ ಬಂಡೆಗಳ ಮೇಲೆ ನೆಲೆ ನಿಂತಿತು.

ಹಳೆಯ ಗೋಡೆಯ ಸಂದಿಯಲ್ಲಿ ಏನಿರುತ್ತದೆ ಅಂತ ಸ್ವಲ್ಪ ಯೋಚಿಸಿ. ಸುಣ್ಣದ ಗಾರೆ ಇರುತ್ತದೆ, ಒಂದು ಹಿಡಿ ಮಣ್ಣು ಇರುತ್ತದೆ. ಗೊಬ್ಬರ ಇರುವುದೇ ಇಲ್ಲ. ನೀರು ನಿಲ್ಲಲು ಜಾಗವಿಲ್ಲ. ಬಿಸಿಲು ನೇರವಾಗಿ ಬೀಳುತ್ತದೆ, ಚಳಿಗಾಳಿಯೂ ಹಾಗೇ ಹೊಡೆಯುತ್ತದೆ. ಕೆಳಗೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಈ ಪರಿಸ್ಥಿತಿಯನ್ನೇ ತೋಟದಲ್ಲಿ ಒದಗಿಸುವ ಪ್ರಯತ್ನ. ವಾಲ್‌ಫ್ಲವರ್ ಕೆಡುವುದು ಬಹುಮಟ್ಟಿಗೆ ಅತಿ ಆರೈಕೆಯಿಂದ, ಅದರಲ್ಲೂ ಗೊಬ್ಬರ ಮತ್ತು ನೀರು ಜಾಸ್ತಿಯಾಗಿ.

ಇನ್ನೊಂದು ವಿಷಯ ಮುಖ್ಯ. ಇದು ಸಾಸಿವೆ, ಎಲೆಕೋಸು, ಮೂಲಂಗಿಗಳ ಕುಟುಂಬದ ಗಿಡ. ಹೂವಿನ ನಾಲ್ಕು ದಳ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಆ ತರಕಾರಿಗಳಿಗೆ ಬರುವ ರೋಗ, ಕೀಟಗಳು ಇದಕ್ಕೂ ಬರುತ್ತವೆ. ಆದರೆ ನೆಂಟಸ್ತಿಕೆ ಇದೆ ಅಂತ ಇದನ್ನು ತಿನ್ನಬಾರದು. ಗಿಡದಲ್ಲಿ, ಅದರಲ್ಲೂ ಬೀಜದಲ್ಲಿ, ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷದ ಅಂಶಗಳಿವೆ. ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಬಾಯಿಗೆ ಸಿಗದಂತೆ ನೋಡಿಕೊಳ್ಳಿ, ಬೀಜ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಸ್ವಭಾವದಲ್ಲಿ ಇದು ಕೆಲವು ವರ್ಷ ಬದುಕುವ ಗಿಡ. ಆದರೂ ತೋಟದಲ್ಲಿ ಇದನ್ನು ದ್ವೈವಾರ್ಷಿಕದಂತೆ ಬೆಳೆಸುತ್ತಾರೆ. ಅಂದರೆ ಒಂದು ವರ್ಷ ಬೆಳೆಸುವುದು, ಮರುವರ್ಷ ಹೂವು ನೋಡಿ ಕಿತ್ತುಹಾಕುವುದು. ಕಾರಣ ಸರಳ. ಮೊದಲ ಹೂವಿನ ನಂತರ ಕಾಂಡ ಮರದಂತೆ ಗಟ್ಟಿಯಾಗುತ್ತದೆ, ಬುಡದ ಎಲೆ ಉದುರುತ್ತದೆ, ಗಿಡ ಉದ್ದುದ್ದ ಸೊಟ್ಟಗೆ ಬೆಳೆಯುತ್ತದೆ. ಮೊದಲ ಸಲದಂಥ ಹೂವು ಮತ್ತೆ ಬರುವುದು ಅಪರೂಪ.

ಯಾವ ಬೀಜ ಕೊಳ್ಳಬೇಕು

ಎತ್ತರದ ಸಾಂಪ್ರದಾಯಿಕ ತಳಿಗಳು 40ರಿಂದ 50 ಸೆಂಟಿಮೀಟರ್ ಬೆಳೆಯುತ್ತವೆ. ಇವುಗಳಲ್ಲಿ ‘ಕ್ಲಾತ್ ಆಫ್ ಗೋಲ್ಡ್’ ಹಳದಿ, ‘ಫೈರ್ ಕಿಂಗ್’ ಕೆಂಪು ಬೆರೆತ ಕಿತ್ತಳೆ, ‘ಬ್ಲಡ್ ರೆಡ್’ ಮತ್ತು ‘ವಲ್ಕನ್’ ಗಾಢ ಕೆಂಪು, ‘ಐವರಿ ವೈಟ್’ ಕೆನೆ ಬಿಳಿ. ‘ಪರ್ಷಿಯನ್ ಕಾರ್ಪೆಟ್’ ಮಿಶ್ರ ಬಣ್ಣದ್ದು. ಕುಂಡಕ್ಕೆ ಅಥವಾ ಗಾಳಿ ಜಾಸ್ತಿ ಬೀಸುವ ಜಾಗಕ್ಕೆ ‘ಟಾಮ್ ಥಂಬ್’, ‘ಬೆಡರ್’ ಗುಂಪಿನಂಥ ಗಿಡ್ಡ ತಳಿಗಳು ಒಳ್ಳೆಯದು. ಇವು 20ರಿಂದ 30 ಸೆಂಟಿಮೀಟರ್ ಎತ್ತರದಲ್ಲೇ ನಿಲ್ಲುತ್ತವೆ.

ಬಣ್ಣದ ಆಯ್ಕೆಯಲ್ಲಿ ನನ್ನ ಒಲವು ಒಂದೇ ಬಣ್ಣದ ಪೊಟ್ಟಣಗಳ ಕಡೆಗೆ. ಮಿಶ್ರ ಪೊಟ್ಟಣದಲ್ಲಿ ಯಾವ ಬಣ್ಣ ಎಷ್ಟು ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಎರಡು ಬಣ್ಣದ ಬೀಜ ಬೇರೆ ಬೇರೆ ಬಿತ್ತಿ, ನಾಟಿ ಮಾಡುವಾಗ ನೀವೇ ಬೆರೆಸಿದರೆ ಪಾತಿ ಹೇಗೆ ಕಾಣಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.

ಸೈಬೀರಿಯನ್ ವಾಲ್‌ಫ್ಲವರ್ ಅಂತ ಇನ್ನೊಂದು ಸಿಗುತ್ತದೆ. ಹೂವು ಕಣ್ಣು ಕುಕ್ಕುವ ಕಿತ್ತಳೆ. ಸಾಮಾನ್ಯ ವಾಲ್‌ಫ್ಲವರ್‌ಗಿಂತ ಸ್ವಲ್ಪ ತಡವಾಗಿ ಅರಳುತ್ತದೆ. ಎರಡನ್ನೂ ಬಿತ್ತಿದರೆ ಹೂವಿನ ಕಾಲ ಉದ್ದವಾಗುತ್ತದೆ. ಬೆಳೆಸುವ ರೀತಿ ಎರಡಕ್ಕೂ ಒಂದೇ.

‘ಬೋಲ್ಸಸ್ ಮಾವ್’ ಅನ್ನುವ ನೇರಳೆ ಬಣ್ಣದ ಬಹುವಾರ್ಷಿಕ ತಳಿಯ ಚಿತ್ರ ನೋಡಿ ಅದರ ಬೀಜ ಹುಡುಕಲು ಹೋಗಬೇಡಿ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಜೋಡಿ ದಳದ ಹಳೆಯ ಹಳದಿ ತಳಿ ‘ಹಾರ್ಪರ್ ಕ್ರೂ’ ಕೂಡ ಹಾಗೆಯೇ.

ಬಿತ್ತುವ ಕಾಲ

ಚಳಿಗಾಲ ಸರಿಯಾಗಿ ಬರುವ ಉತ್ತರ ಗೋಳಾರ್ಧದ ಊರುಗಳಲ್ಲಿ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಬಿತ್ತುತ್ತಾರೆ. ದಕ್ಷಿಣ ಗೋಳಾರ್ಧದಲ್ಲಿ ಇದಕ್ಕೆ ಸರಿಯಾಗಿ ಆರು ತಿಂಗಳು ಸೇರಿಸಿಕೊಳ್ಳಿ. ತಡಮಾಡಿದರೆ ಗಿಡ ಚಳಿಗೆ ಮೊದಲು ಪೊದೆಯಾಗುವುದಿಲ್ಲ, ಹೂವಿನ ಗೊಂಚಲು ಚಿಕ್ಕದಾಗುತ್ತದೆ. ತೀರಾ ಬೇಗ ಬಿತ್ತಿದರೆ ಗಿಡ ಅಗತ್ಯಕ್ಕಿಂತ ದೊಡ್ಡದಾಗಿ ನಾಟಿಗೆ ಕಷ್ಟ, ಚಳಿಗಾಳಿಗೂ ಒಡ್ಡಿಕೊಳ್ಳುತ್ತದೆ.

ಇಲ್ಲಿ ಚಳಿಯ ಪಾತ್ರವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಸಾಮಾನ್ಯ ತಳಿಗಳು ಚಳಿಯನ್ನು ಬರೀ ತಡೆದುಕೊಳ್ಳುವುದಲ್ಲ, ಅವಕ್ಕೆ ಚಳಿ ಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಕೆಲವು ವಾರ ಸಿಕ್ಕ ಮೇಲೇ ಗಿಡ ಎಲೆ ಬಿಡುವುದರಿಂದ ಹೂವಿನ ಕಡೆಗೆ ಹೊರಳುತ್ತದೆ. ಆ ಚಳಿ ತಗಲುವ ಹೊತ್ತಿಗೆ ಗಿಡ ಸಾಕಷ್ಟು ಬೆಳೆದಿರಬೇಕು. ಪುಟ್ಟ ಸಸಿಗೆ ಚಳಿಯ ಸೂಚನೆ ಹಿಡಿಯುವುದಿಲ್ಲ. ಬೇಸಿಗೆಯಲ್ಲೇ ಬಿತ್ತುವುದರ ಹಿಂದಿನ ಲೆಕ್ಕ ಇದೇ. ಬೀಜವನ್ನು ಫ್ರಿಜ್‌ನಲ್ಲಿ ಇಟ್ಟು ಬಿತ್ತಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಚಳಿ ಬೇಕಿರುವುದು ಬೆಳೆದ ಗಿಡಕ್ಕೆ, ಬೀಜಕ್ಕಲ್ಲ.

ಚಳಿ ಅಷ್ಟಾಗಿ ಬೀಳದ ಜಾಗದಲ್ಲಿ ಇರುವವರು ತಳಿಯ ಆಯ್ಕೆಯಲ್ಲೇ ಜಾಣತನ ತೋರಿಸಬೇಕು. ಹೆಚ್ಚು ಚಳಿ ಕೇಳದೆ, ಬಿತ್ತಿದ ಕೆಲವೇ ತಿಂಗಳಲ್ಲಿ ಹೂ ಬಿಡುವ ತಳಿಗಳಿವೆ. ಪೊಟ್ಟಣದ ಮೇಲೆ ‘ವಾರ್ಷಿಕ’ ಎಂದೋ, ‘ಮೊದಲ ವರ್ಷವೇ ಹೂವು’ ಎಂದೋ ಬರೆದಿರುತ್ತದೆ. ‘ಶುಗರ್ ರಶ್’ನಂಥ ತಳಿಗಳು ಶರತ್ಕಾಲದಲ್ಲಿ ಒಮ್ಮೆ, ವಸಂತದಲ್ಲಿ ಮತ್ತೊಮ್ಮೆ ಅರಳುತ್ತವೆ. ಬೆಚ್ಚಗಿನ ಜಾಗದಲ್ಲಿ ಸೆಖೆ ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ವರ್ಷದ ತಂಪಾದ ತಿಂಗಳುಗಳನ್ನು ಪೂರ್ತಿ ಬಳಸಿಕೊಳ್ಳಿ. ವರ್ಷವಿಡೀ ಸೆಖೆ ಇರುವ ಕಡೆ ಇದು ಒಗ್ಗುವ ಗಿಡವಲ್ಲ. ಸುಮ್ನೆ ಆಸೆ ಹುಟ್ಟಿಸುವುದು ಬೇಡ.

ಮಣ್ಣು ಮತ್ತು ಸುಣ್ಣ

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ಮಳೆ ನಿಂತ ಕೆಲವೇ ಹೊತ್ತಿನಲ್ಲಿ ನೀರು ಇಂಗಿಹೋಗುವ ಜಾಗ ನೋಡಿ. ಒಂದು ಗೇಣು ಆಳದ ಗುಂಡಿ ತೋಡಿ, ನೀರು ತುಂಬಿಸಿ. ಮಾರನೇ ದಿನವೂ ನೀರು ನಿಂತೇ ಇದ್ದರೆ ಆ ಜಾಗ ಬಿಡಿ, ಇಲ್ಲವೇ ಮಡಿಯನ್ನು 15–20 ಸೆಂಟಿಮೀಟರ್ ಎತ್ತರಿಸಿ. ಜೇಡಿಮಣ್ಣಿಗೆ ದಪ್ಪ ಮರಳು ಅಥವಾ ಸಣ್ಣ ಜಲ್ಲಿಪುಡಿ, ಜೊತೆಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಸೇರಿಸಿದರೆ ಸಡಿಲವಾಗುತ್ತದೆ.

ಹಸಿ ಸಗಣಿ, ಕೋಳಿ ಗೊಬ್ಬರ, ಯೂರಿಯಾ ಇವು ಯಾವುವೂ ಬೇಡ. ಸಾರಜನಕ ಜಾಸ್ತಿಯಾದರೆ ಗಿಡ ಹಚ್ಚಗೆ ಉಬ್ಬಿ ಚೆನ್ನಾಗೇನೋ ಕಾಣುತ್ತದೆ. ಆದರೆ ಆ ಮೆತ್ತನೆಯ ಚಿಗುರು ಮೊದಲ ಗಟ್ಟಿ ಚಳಿಗೇ ಕರಟುತ್ತದೆ, ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಹಿಂದಿನ ಬೆಳೆಗೆ ಗೊಬ್ಬರ ಹಾಕಿದ್ದ ನೆಲವಾದರೆ ಅಷ್ಟೇ ಸಾಕು.

ಸುಣ್ಣದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಮಣ್ಣಿನ ರಸಸಾರ, ಅಂದರೆ ಪಿಎಚ್, 7ರಿಂದ 7.5ರ ನಡುವೆ ಇದ್ದರೆ ವಾಲ್‌ಫ್ಲವರ್‌ಗೆ ಹಿತ. ಮಣ್ಣು ಪರೀಕ್ಷೆಯ ಸಣ್ಣ ಕಿಟ್ ತಂದು ನೋಡಿ. 6.5ಕ್ಕಿಂತ ಕಡಿಮೆ ಬಂದರೆ ಕೃಷಿ ಸುಣ್ಣ ಹಾಕಬೇಕು. ಎಷ್ಟು ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಮರಳು ಮಣ್ಣಿಗೆ ಕಡಿಮೆ ಸಾಕು, ಜೇಡಿಗೆ ಜಾಸ್ತಿ ಬೇಕು. ಚೀಲದ ಮೇಲೆ ಬರೆದ ಅಳತೆಯನ್ನು ಮೀರಬೇಡಿ. ಸುಟ್ಟ ಸುಣ್ಣ ಬಳಸಬೇಡಿ, ಅದು ಬೇರನ್ನೂ ನಿಮ್ಮ ಕೈಯನ್ನೂ ಸುಡುತ್ತದೆ. ನಾಟಿಗೆ ಕೆಲವು ವಾರ ಮೊದಲೇ ಹರಡಿ, ಮಣ್ಣಿನಲ್ಲಿ ಬೆರೆಸಿ. ಸುಣ್ಣವನ್ನೂ ಸಗಣಿ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡರ ನಡುವೆ ಸಾಕಷ್ಟು ಅಂತರ ಇರಲಿ.

ಬಿತ್ತನೆ

ಜಾಗ ಇದ್ದರೆ ನೆಲದಲ್ಲೇ ಸಸಿಮಡಿ ಮಾಡುವುದು ಒಳ್ಳೆಯದು. ಗಿಡ ಮೊದಲಿನಿಂದಲೇ ಗಾಳಿ ಬಿಸಿಲಿಗೆ ಒಗ್ಗಿಕೊಳ್ಳುತ್ತದೆ.

ಮಣ್ಣನ್ನು ಹುಡಿಮಾಡಿ, ಕಲ್ಲು ಕಳೆ ಆರಿಸಿ, ಸಮತಟ್ಟಾಗಿಸಿ. 1 ಸೆಂಟಿಮೀಟರ್ ಆಳದ ಗೆರೆ ಎಳೆಯಿರಿ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಇರಲಿ. ಬೇಸಿಗೆಯ ಬಿತ್ತನೆಯಲ್ಲಿ ದೊಡ್ಡ ತೊಂದರೆ ಎಂದರೆ ಮೇಲ್ಮಣ್ಣು ಒಣಗಿ ಹೆಕ್ಕಳೆ ಕಟ್ಟುವುದು. ಬಿತ್ತಿದ ಮೇಲೆ ನೀರು ಹೊಯ್ದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಕ್ರಮವನ್ನು ಹಿಂದುಮುಂದು ಮಾಡಿ. ಮೊದಲು ಗೆರೆಯ ಒಳಗೆ ಧಾರಾಳವಾಗಿ ನೀರು ಹಾಕಿ. ಅದು ಇಂಗಿದ ಮೇಲೆ ಆ ಹಸಿಯ ಮೇಲೆ ಬೀಜ ಉದುರಿಸಿ, ಒಣ ಮಣ್ಣಿನಿಂದ ತೆಳ್ಳಗೆ ಮುಚ್ಚಿ. ಬೀಜಕ್ಕೆ ಕೆಳಗಿನಿಂದ ತೇವ ಸಿಗುತ್ತದೆ, ಮೇಲೆ ಹೊದಿಸಿದ ಒಣಮಣ್ಣು ತೇವ ಆರಿಹೋಗದಂತೆ ತಡೆಯುತ್ತದೆ. ಈ ಕೆಲಸವನ್ನು ಸಂಜೆ ಮಾಡಿದರೆ ಇನ್ನೂ ಒಳ್ಳೆಯದು.

ಬೀಜ ಸಣ್ಣದು, ಒಂದು ಗ್ರಾಂಗೆ ನೂರಾರು ಬರುತ್ತವೆ. ಬೆರಳಿನ ನಡುವೆ ಚಿಟಿಕೆ ಹಿಡಿದು, 1–2 ಸೆಂಟಿಮೀಟರ್‌ಗೆ ಒಂದರಂತೆ ಬೀಳಿಸಿ. ಒತ್ತೊತ್ತಾಗಿ ಸುರಿದರೆ ಸಸಿಗಳು ಬಡಕಲಾಗಿ ನೀಳವಾಗುತ್ತವೆ. ಪೂರ್ತಿ ಪೊಟ್ಟಣ ಒಂದೇ ಸಲ ಖಾಲಿ ಮಾಡಬೇಕಿಲ್ಲ. ತಂಪಾದ ಒಣ ಜಾಗದಲ್ಲಿಟ್ಟರೆ ಉಳಿದದ್ದು ಮುಂದಿನ ವರ್ಷಕ್ಕೂ ಮೊಳೆಯುತ್ತದೆ.

ಮೊಳಕೆಗೆ 15ರಿಂದ 20 ಡಿಗ್ರಿ ಹದವಾದ ಶಾಖ. ಆ ಹದದಲ್ಲಿ ಒಂದು ವಾರದಿಂದ ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಬಿಸಿಲು ತೀರಾ ಜೋರಾದರೆ ಮಧ್ಯಾಹ್ನದ ಹೊತ್ತು ಮಾತ್ರ ನೆರಳು ಪರದೆ ಕಟ್ಟಿ, ಮೊಳಕೆ ಬಂದ ಕೂಡಲೇ ತೆಗೆಯಿರಿ.

ಟ್ರೇಯಲ್ಲಿ ಬಿತ್ತುವವರು ಕೋಕೋಪೀಟ್ ಅಥವಾ ಜರಡಿ ಹಿಡಿದ ಎಲೆಗೊಬ್ಬರಕ್ಕೆ ಮೂರರಲ್ಲಿ ಒಂದು ಪಾಲು ಮರಳು ಸೇರಿಸಿಕೊಳ್ಳಿ. ಒಂದೊಂದು ಗುಳಿಗೆ ಎರಡು ಬೀಜ ಹಾಕಿ, ಎರಡೂ ಹುಟ್ಟಿದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ. ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಿಕೊಳ್ಳಲು ಬಿಡಿ, ಮೇಲ್ಮಣ್ಣು ಒದ್ದೆಯಾದ ಕೂಡಲೇ ತಟ್ಟೆಯಿಂದ ಎತ್ತಿ. ಮನೆಯೊಳಗಿನ ಕಿಟಕಿಯ ಬಳಿ ಬೆಳೆಸಿದ ಸಸಿ ಬೆಳಕಿನ ಕಡೆಗೆ ವಾಲಿ ಬಲಹೀನವಾಗುತ್ತದೆ. ಮೊಳಕೆ ಬಂದ ಮೇಲೆ ಟ್ರೇ ಹೊರಗಿರಲಿ.

ತಾಯಿಬೇರು ಮುರಿಯುವ ಕೆಲಸ

ವಾಲ್‌ಫ್ಲವರ್ ಸಸಿ ಹುಟ್ಟಿದಾಗಿನಿಂದ ಒಂದು ಉದ್ದನೆಯ ತಾಯಿಬೇರನ್ನು ನೇರ ಕೆಳಗೆ ಇಳಿಸುತ್ತದೆ. ಬಿರುಕಿನಲ್ಲಿ ಬದುಕುವ ಗಿಡಕ್ಕೆ ಅದು ಬೇಕೇ ಬೇಕು. ಆದರೆ ಶರತ್ಕಾಲದಲ್ಲಿ ಕಿತ್ತು ಬೇರೆಡೆ ನೆಡಬೇಕಾದ ಗಿಡಕ್ಕೆ ಅದೇ ತೊಡಕು. ಆ ಉದ್ದದ ಬೇರು ಕಿತ್ತುಬರುವಾಗ ಅರ್ಧಕ್ಕೆ ತುಂಡಾಗುತ್ತದೆ, ಪಕ್ಕದ ಬೇರುಗಳು ಸಾಕಷ್ಟಿಲ್ಲದೆ ಗಿಡ ಬಾಡುತ್ತದೆ.

ಅದಕ್ಕೇ ಮಧ್ಯದಲ್ಲಿ ಒಂದು ಸಲ ಸಸಿಗಳನ್ನು ಎಬ್ಬಿಸಿ ನೆಡುವ ರೂಢಿ ಬಂದಿದೆ. ಸಸಿ 5ರಿಂದ 8 ಸೆಂಟಿಮೀಟರ್ ಎತ್ತರವಾಗಿ, ಮೊದಲು ಬರುವ ಎರಡು ಬೀಜದೆಲೆ ಬಿಟ್ಟು ಮೂರ್ನಾಲ್ಕು ನಿಜವಾದ ಎಲೆ ಬಂದಾಗ ಈ ಕೆಲಸ ಮಾಡಿ. ಹಿಂದಿನ ದಿನ ಮಡಿಗೆ ನೀರು ಹಾಕಿರಬೇಕು. ಚಿಕ್ಕ ಸಲಿಕೆಯಿಂದ ಸಸಿಯನ್ನು ಕೆಳಗಿನಿಂದ ಎಬ್ಬಿಸಿ. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ. ತಾಯಿಬೇರಿನ ತುದಿಯ ಮೂರನೇ ಒಂದು ಭಾಗವನ್ನು ಉಗುರಿನಿಂದ ಚಿವುಟಿ ತೆಗೆಯಿರಿ. ಮತ್ತೆ 15 ಸೆಂಟಿಮೀಟರ್ ಅಂತರದಲ್ಲಿ, 30 ಸೆಂಟಿಮೀಟರ್ ದೂರದ ಸಾಲುಗಳಲ್ಲಿ ನೆಟ್ಟು, ಬುಡ ಒತ್ತಿ, ನೀರು ಕೊಡಿ.

ಒಂದೆರಡು ದಿನ ಸಸಿ ಜೋಲುಬೀಳುತ್ತದೆ. ಆಮೇಲೆ ತಲೆ ಎತ್ತುತ್ತದೆ. ಮುರಿದ ಜಾಗದಿಂದ ಪಕ್ಕದ ಬೇರುಗಳು ಒಡೆದು, ಮಣ್ಣನ್ನು ಗಟ್ಟಿಯಾಗಿ ಹಿಡಿಯುವ ಬೇರಿನ ಮುದ್ದೆ ಕಟ್ಟಿಕೊಳ್ಳುತ್ತದೆ. ಶರತ್ಕಾಲದ ನಾಟಿ ಸುಲಭವಾಗುವುದು ಇದರಿಂದಲೇ. ಈ ಹಂತವನ್ನು ಅನೇಕರು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಒಂದು ಸಂಜೆಯ ಕೆಲಸಕ್ಕೆ ಇಷ್ಟು ಲಾಭ ಕೊಡುವ ಹಂತ ಇನ್ನೊಂದಿಲ್ಲ. ಟ್ರೇಯಲ್ಲಿ ಬೆಳೆಸಿದವರು ಈ ಹೊತ್ತಿಗೆ ಸಸಿಗಳನ್ನು 9 ಸೆಂಟಿಮೀಟರ್ ಕುಂಡಗಳಿಗೆ ಬದಲಾಯಿಸಿದರೆ ಸಾಕು. ಕುಂಡದ ತಳ ಮುಟ್ಟಿದಾಗ ತಾಯಿಬೇರು ತಾನೇ ನಿಲ್ಲುತ್ತದೆ. ಮಡಿಯಲ್ಲಿ ಮರುನಾಟಿಗೆ ಜಾಗ ಇಲ್ಲದವರು ಸಾಲಿನಲ್ಲೇ 15 ಸೆಂಟಿಮೀಟರ್‌ಗೆ ಒಂದರಂತೆ ಉಳಿಸಿ, ಮಿಕ್ಕದ್ದನ್ನು ಕಿತ್ತು, ಉಳಿದ ಗಿಡದ ಪಕ್ಕ ಉದ್ದನೆಯ ಚಾಕುವನ್ನು ಓರೆಯಾಗಿ ಇಳಿಸಿ ಬೇರು ಕತ್ತರಿಸಬಹುದು.

ಕುಡಿ ಚಿವುಟುವುದು

ಗಿಡ 12–15 ಸೆಂಟಿಮೀಟರ್ ಎತ್ತರವಾದಾಗ ನಡುವಿನ ಕುಡಿಯನ್ನು ಚಿವುಟಿ. ಎಲೆಗಳ ಕಂಕುಳಿನಿಂದ ನಾಲ್ಕೈದು ಕವಲು ಬರುತ್ತವೆ, ಪ್ರತಿ ಕವಲಿಗೂ ಒಂದೊಂದು ಹೂಗೊಂಚಲು. ಗಿಡ್ಡ ತಳಿಗಳು ತಾವಾಗಿಯೇ ಕವಲೊಡೆಯುತ್ತವೆ, ಅವನ್ನು ಚಿವುಟಬೇಕಿಲ್ಲ. ನಾಟಿಯ ಹೊತ್ತು ಹತ್ತಿರ ಬಂದಿದ್ದರೆ ಎತ್ತರದ ತಳಿಯನ್ನೂ ಹಾಗೇ ಬಿಡಿ.

ಬೇಸಿಗೆಯ ಉಳಿದ ದಿನಗಳಲ್ಲಿ ಕೆಲಸ ಕಡಿಮೆ. ಕಳೆ ಕೀಳಬೇಕು, ಮಣ್ಣು ಎರಡು ಬೆರಳು ಆಳದವರೆಗೆ ಒಣಗಿದರೆ ನೀರು ಹಾಕಬೇಕು, ಅಷ್ಟೇ.

ಕೊನೆಯ ಜಾಗಕ್ಕೆ ನಾಟಿ

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನಾಟಿಗೆ ಒಳ್ಳೆಯ ಹೊತ್ತು. ಮಣ್ಣು ಇನ್ನೂ ಬೆಚ್ಚಗಿರುವುದರಿಂದ ಚಳಿ ಬಲಿಯುವ ಮೊದಲು ಬೇರು ಹಿಡಿದುಕೊಳ್ಳುತ್ತದೆ. ಮೋಡ ಕವಿದ ದಿನ ಅಥವಾ ಸಂಜೆ ಆರಿಸಿಕೊಳ್ಳಿ.

ಹಿಂದಿನ ರಾತ್ರಿ ಮಡಿಯನ್ನು ಚೆನ್ನಾಗಿ ನೆನೆಸಿ. ಸಲಿಕೆ ಆಳಕ್ಕೆ ಇಳಿಸಿ, ಬೇರಿಗೆ ಅಂಟಿದ ಮಣ್ಣಿನ ಸಮೇತ ಗಿಡ ಎಬ್ಬಿಸಿ. ಎತ್ತರದ ತಳಿಗೆ 30 ಸೆಂಟಿಮೀಟರ್, ಗಿಡ್ಡ ತಳಿಗೆ 20 ಸೆಂಟಿಮೀಟರ್ ಅಂತರ. ಕೆಳಗಿನ ಎಲೆಗಳು ಮಣ್ಣಿಗೆ ತಾಕುವಷ್ಟು ಆಳವಾಗಿ ನೆಡಿ, ಬರೀ ಕಾಂಡ ಹೊರಗೆ ಕಾಣಬಾರದು. ಆಮೇಲೆ ಸುತ್ತಲ ಮಣ್ಣನ್ನು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಿ. ಬೆರಳಲ್ಲಿ ಮೆಲ್ಲಗೆ ಅದುಮಿದರೆ ಸಾಲದು. ಒಂದು ಎಲೆ ಹಿಡಿದು ಎಳೆದು ನೋಡಿ. ಎಲೆ ಹರಿಯಬೇಕು, ಗಿಡ ಅಲುಗಬಾರದು. ಚಳಿಗಾಲದ ಗಾಳಿ ಸಡಿಲ ಗಿಡವನ್ನು ಅತ್ತಿತ್ತ ಆಡಿಸಿ ಬುಡದ ಸುತ್ತ ಕುಳಿ ಮಾಡುತ್ತದೆ, ಆ ಕುಳಿಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ.

ನೆಟ್ಟ ಮೇಲೆ ಒಂದು ಸಲ ಧಾರಾಳ ನೀರು, ಮುಂದಿನ ವಾರ ಮಳೆ ಇಲ್ಲದಿದ್ದರೆ ಇನ್ನೊಮ್ಮೆ.

ಟುಲಿಪ್ ಜೊತೆ ವಾಲ್‌ಫ್ಲವರ್ ಬೆಳೆಸುವುದು ಹಳೆಯ ಜೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅರಳುತ್ತವೆ, ಟುಲಿಪ್‌ನ ಬೋಳು ಕಾಂಡವನ್ನು ವಾಲ್‌ಫ್ಲವರ್ ಮುಚ್ಚುತ್ತದೆ. ಮೊದಲು ವಾಲ್‌ಫ್ಲವರ್ ನೆಟ್ಟು, ನವೆಂಬರ್‌ನಲ್ಲಿ ಅವುಗಳ ನಡುವೆ 15 ಸೆಂಟಿಮೀಟರ್ ಆಳದಲ್ಲಿ ಟುಲಿಪ್ ಗೆಡ್ಡೆ ಇಡಿ. ಮೊದಲೇ ಗೆಡ್ಡೆ ಹೂತಿಟ್ಟರೆ ಗಿಡ ನೆಡುವಾಗ ಸಲಿಕೆ ತಾಗಿ ಹೋಳಾಗುತ್ತವೆ.

ಕುಂಡವಾದರೆ ಕನಿಷ್ಠ 20 ಸೆಂಟಿಮೀಟರ್ ಆಳದ್ದು ಬೇಕು. 30 ಸೆಂಟಿಮೀಟರ್ ಅಗಲದ ಕುಂಡಕ್ಕೆ ಮೂರು ಗಿಡ ಹಿಡಿಸುತ್ತವೆ. ತಳದ ತೂತು ನೆಲಕ್ಕೆ ಅಂಟಿಕೊಳ್ಳದಂತೆ ಇಟ್ಟಿಗೆ ತುಂಡಿನ ಮೇಲೆ ಎತ್ತಿಡಿ. ಬಾಗಿಲು, ಕಿಟಕಿ, ಓಡಾಡುವ ದಾರಿ, ಇವುಗಳ ಪಕ್ಕ ಇಟ್ಟರೆ ವಾಸನೆ ವ್ಯರ್ಥವಾಗುವುದಿಲ್ಲ.

ಚಳಿಗಾಲ

ಗಿಡಕ್ಕೆ ಹೊದಿಕೆ ಬೇಡ. ಬೇರೂರಿದ ವಾಲ್‌ಫ್ಲವರ್ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಕಠಿಣ ಹಿಮದ ಬೆಳಿಗ್ಗೆ ಎಲೆಗಳೆಲ್ಲ ಕಪ್ಪಗೆ ಜೋತುಬಿದ್ದು ಸತ್ತಂತೆ ಕಾಣಬಹುದು. ಬಿಸಿಲೇರಿದ ಮೇಲೆ ನೋಡಿ, ಮತ್ತೆ ನೆಟ್ಟಗಾಗಿರುತ್ತವೆ. ಹೆದರಿ ಬಿಸಿನೀರು ಹಾಕುವಂಥ ಸಾಹಸ ಬೇಡ.

ಮಣ್ಣು ಹೆಪ್ಪುಗಟ್ಟಿ ಕರಗುವಾಗ ಉಬ್ಬಿ ಗಿಡಗಳನ್ನು ಮೇಲೆತ್ತುತ್ತದೆ. ಕರಗಿದ ಮೇಲೆ ಒಂದು ಸುತ್ತು ಹೋಗಿ ಬುಡ ಒತ್ತಿ ಬನ್ನಿ. ಹಸಿರು ಸಿಗದ ದಿನಗಳಲ್ಲಿ ಪಾರಿವಾಳಗಳು ಎಲೆ ಕಿತ್ತು ತಿನ್ನುತ್ತವೆ. ಅವುಗಳ ಕಾಟ ಇರುವಲ್ಲಿ ಬಲೆ ಕಟ್ಟಲೇಬೇಕು.

ಹೂವಿನ ದಿನಗಳು

ಮಾರ್ಚ್ ಕೊನೆಯಿಂದ ಮೇ ತನಕ ಹೂವು. ಕೆಳಗಿನ ಮೊಗ್ಗು ಮೊದಲು ಅರಳಿ, ಗೊಂಚಲು ಮೇಲೆ ಮೇಲೆ ಉದ್ದವಾಗುತ್ತ ಹೋಗುತ್ತದೆ. ಚಳಿಯಿಂದ ಆಗಷ್ಟೇ ಎದ್ದ ಜೇನ್ನೊಣ, ಚಿಟ್ಟೆಗಳಿಗೆ ಇದು ಮೊದಮೊದಲ ಮೇವು. ಆ ವಾರಗಳಲ್ಲಿ ಕೀಟನಾಶಕ ಮುಟ್ಟಬೇಡಿ. ಬಾಡಿದ ಗೊಂಚಲನ್ನು ಆಗಾಗ ಕತ್ತರಿಸಿದರೆ ಪಕ್ಕದ ಕವಲುಗಳು ಇನ್ನೂ ಕೆಲವು ದಿನ ಹೂ ಕೊಡುತ್ತವೆ.

ಹೂದಾನಿಗೆ ಬೇಕಾದರೆ ಬೆಳಿಗ್ಗೆ, ಗೊಂಚಲಿನ ಅರ್ಧ ಅರಳಿದಾಗ ಕೊಯ್ಯಿರಿ. ನೀರಿನೊಳಗೆ ಮುಳುಗುವ ಎಲೆಗಳನ್ನು ಒಂದೂ ಬಿಡದೆ ತೆಗೆಯಿರಿ. ಕೋಸಿನ ಕುಟುಂಬ ಅಲ್ವಾ, ಎಲೆ ಕೊಳೆತರೆ ನೀರು ಹೂವಿನ ವಾಸನೆಯನ್ನೇ ನುಂಗಿಹಾಕುವಷ್ಟು ನಾರುತ್ತದೆ. ನೀರು ದಿನಾ ಬದಲಿಸಿ.

ರೋಗ, ಕೀಟ

ಎಲ್ಲಕ್ಕಿಂತ ಕೆಟ್ಟದ್ದು ಗಂಟುಬೇರು ರೋಗ. ಪ್ಲಾಸ್ಮೋಡಿಯೋಫೋರಾ ಬ್ರಾಸಿಕೆ ಎಂಬ ಸೂಕ್ಷ್ಮಜೀವಿ ಬೇರಿನೊಳಗೆ ಸೇರಿ ಅದನ್ನು ಊದಿಸಿ ಗಂಟುಗಂಟಾಗಿಸುತ್ತದೆ. ನೀರು ಮೇಲೇರುವುದಿಲ್ಲ. ಮಣ್ಣು ಒದ್ದೆಯಾಗಿದ್ದರೂ ಮಧ್ಯಾಹ್ನ ಗಿಡ ಬಾಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇದಕ್ಕೆ ಮನೆತೋಟದಲ್ಲಿ ಬಳಸುವಂಥ ಔಷಧ ಇಲ್ಲ. ಒಮ್ಮೆ ಬಂದರೆ ರೋಗದ ಬೀಜಾಣುಗಳು ಮಣ್ಣಿನಲ್ಲಿ 20 ವರ್ಷದವರೆಗೂ ಉಳಿಯಬಲ್ಲವು. ಹುಳಿ ಮಣ್ಣು ಮತ್ತು ನಿಂತ ನೀರು ಇದಕ್ಕೆ ಅನುಕೂಲ. ಸುಣ್ಣ ಮತ್ತು ಬಸಿಯುವ ನೆಲದ ಬಗ್ಗೆ ಮೇಲೆ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಕೋಸು, ಮೂಲಂಗಿ, ಸಾಸಿವೆ ಬೆಳೆದ ಪಾತಿಯಲ್ಲಿ ಕೂಡಲೇ ವಾಲ್‌ಫ್ಲವರ್ ಹಾಕಬೇಡಿ, ಮೂರ್ನಾಲ್ಕು ವರ್ಷ ಬಿಡಿ. ರೋಗ ಹಿಡಿದ ಗಿಡವನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಸಲಿಕೆ, ಬೂಟುಗಳಿಗೆ ಅಂಟಿದ ಮಣ್ಣಿನಲ್ಲೂ ಇದು ಒಂದು ಪಾತಿಯಿಂದ ಇನ್ನೊಂದಕ್ಕೆ ದಾಟುತ್ತದೆ, ತೊಳೆದಿಡಿ.

ಬೇರೆಯವರು ಬೆಳೆದ ಸಸಿಯ ಬೇರಿನ ಜೊತೆಗೂ ಈ ರೋಗ ತೋಟಕ್ಕೆ ಬರಬಹುದು. ಬೀಜದಿಂದ ನೀವೇ ಬೆಳೆಸಿದರೆ ಆ ದಾರಿಯೇ ಮುಚ್ಚುತ್ತದೆ. ಬೀಜದಿಂದ ಬೆಳೆಸುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು. ಹಣದ ಉಳಿತಾಯ ಆಮೇಲಿನದು.

ಸಸಿ ಚಿಕ್ಕದಿರುವಾಗ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಅದು ಜಿಗಿಯುವ ಪುಟ್ಟ ದುಂಬಿಗಳ ಕೆಲಸ. ಒಣ ಸೆಖೆಯಲ್ಲಿ ಇವು ಜಾಸ್ತಿ. ಮಡಿಯಲ್ಲಿ ತೇವ ಆರದಂತೆ ನೋಡಿಕೊಂಡು, ಬಿತ್ತಿದ ದಿನವೇ ಸಣ್ಣ ಕಣ್ಣಿನ ಬಲೆ ಹೊದಿಸಿದರೆ ಸಸಿ ಪಾರಾಗುತ್ತದೆ. ನಾಲ್ಕಾರು ಎಲೆ ಬಂದ ಮೇಲೆ ಅವುಗಳ ಹಾವಳಿ ಗಿಡಕ್ಕೆ ಲೆಕ್ಕಕ್ಕಿಲ್ಲ. ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು.

ಎಲೆಯ ಮೇಲ್ಗಡೆ ಹಳದಿ ಮಚ್ಚೆ, ಕೆಳಗಡೆ ಬೂದು ಬಿಳಿ ಬೂಜು ಕಂಡರೆ ಅದು ಬೂಜು ತುಪ್ಪಟ ರೋಗ. ಗಿಡಗಳು ಒತ್ತಾಗಿ, ಎಲೆ ಸದಾ ಒದ್ದೆಯಾಗಿರುವಲ್ಲಿ ಬರುತ್ತದೆ. ಎಲೆ ಅಡಿಯಲ್ಲಿ ಸುಣ್ಣದ ಹನಿಯಂಥ ಬಿಳಿ ಗುಳ್ಳೆ ಎದ್ದರೆ ಬಿಳಿ ತುಕ್ಕು. ಎರಡಕ್ಕೂ ಮಾಡುವುದು ಒಂದೇ: ಹತ್ತಿದ ಎಲೆ ಕಿತ್ತುಹಾಕಿ, ಗಿಡಗಳ ನಡುವೆ ಗಾಳಿಯಾಡಲು ಬಿಡಿ, ನೀರನ್ನು ಬುಡಕ್ಕೆ ಮಾತ್ರ ಕೊಡಿ.

ಬೀಜ ಉಳಿಸಿಕೊಳ್ಳುವುದು

ಹೂವು ಮುಗಿದ ಮೇಲೆ ಗಿಡ ಕಿತ್ತು ಆ ಜಾಗವನ್ನು ಬೇಸಿಗೆಯ ಹೂಗಳಿಗೆ ಬಿಟ್ಟುಕೊಡಿ. ಬೀಜ ಬೇಕೆಂದರೆ ಎಲ್ಲ ಗಿಡ ಉಳಿಸಬೇಕಿಲ್ಲ. ಹೂವಿನ ದಿನಗಳಲ್ಲೇ ಬಣ್ಣ, ವಾಸನೆ, ಆಕಾರ ಚೆನ್ನಾಗಿರುವ ಎರಡು ಮೂರು ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಿ. ಹೂವು ಉದುರಿದಲ್ಲಿ ಸಾಸಿವೆಯ ಕಾಯಿಯಂಥ ಸಣ್ಣನೆಯ ಉದ್ದ ಕಾಯಿಗಳು ಬರುತ್ತವೆ. ಅವು ಹಸಿರು ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಕಡ್ಡಿ ಸಮೇತ ಕೊಯ್ದು, ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ. ತಡಮಾಡಿದರೆ ಕಾಯಿ ತಾನೇ ಸಿಡಿದು ಬೀಜ ನೆಲಕ್ಕೆ ಬೀಳುತ್ತದೆ. ಪ್ಲಾಸ್ಟಿಕ್ ಚೀಲ ಬಳಸಬೇಡಿ, ಒಳಗೆ ಬೆವೆತು ಬೂಜು ಹಿಡಿಯುತ್ತದೆ.

ಜೇನ್ನೊಣಗಳು ಬಣ್ಣ ನೋಡಿ ಪರಾಗ ಹಂಚುವುದಿಲ್ಲ. ಹಲವು ಬಣ್ಣದ ಗಿಡ ಪಕ್ಕಪಕ್ಕ ಇದ್ದರೆ ಆ ಬೀಜದಿಂದ ಬೆರಕೆ ಬಣ್ಣಗಳು ಬರುತ್ತವೆ. ಒಂದೇ ಬಣ್ಣ ಉಳಿಯಬೇಕಾದರೆ ಒಂದೇ ತಳಿ ಬೆಳೆಯಿರಿ. ಪೊಟ್ಟಣದ ಮೇಲೆ ಎಫ್1 ಎಂದಿದ್ದ ಹೈಬ್ರಿಡ್ ಗಿಡದ ಬೀಜ ಇಟ್ಟುಕೊಂಡರೆ ತಾಯಿಗಿಡದಂಥ ಗಿಡ ಬರುವುದಿಲ್ಲ, ಅದನ್ನು ಪ್ರತಿ ಸಲ ಹೊಸದಾಗಿಯೇ ಕೊಳ್ಳಬೇಕು. ಒಣಗಿದ ಬೀಜವನ್ನು ಕೇರಿ ಹೊಟ್ಟು ತೆಗೆದು, ಲಕೋಟೆಗೆ ಹಾಕಿ, ತಳಿಯ ಹೆಸರು, ವರ್ಷ ಮತ್ತು ‘ವಿಷ, ತಿನ್ನಬಾರದು’ ಎಂದು ಬರೆದು, ಅಡುಗೆಮನೆಯಿಂದ ದೂರ, ತಂಪಾದ ಒಣ ಜಾಗದಲ್ಲಿಡಿ.